ಸಂಗ್ಯಾ ಬಾಳ್ಯಾ: ನಮ್ಮ ನಾಡಿನದೊಂದು ರುದ್ರಗೀತನಾಟಕ

ಇಟಲಿಯವರು ‘ಆಪೆರಾ’ ಎನ್ನುವುದು ಮಾತಿಗಿಂತ ಹಾಡೇ ಪ್ರಧಾನವಾದ ನಾಟಕವನ್ನು. ಅಲ್ಲಿ ಪಾತ್ರಗಳು ಹಾಡಿಯೇ ಒಲಿಯುತ್ತವೆ, ಹಾಡಿಯೇ ಮುನಿಯುತ್ತವೆ, ಹಾಡುತ್ತಲೇ ಮಡಿಯುತ್ತವೆ. ಹತ್ತೊಂಬತ್ತನೆಯ ಶತಮಾನದ ಬಹುಭಾಗದಲ್ಲಿ ಹೀಗೆ ಮಡಿಯುವ ಗೌರವವು ಹೆಚ್ಚಾಗಿ ದೊಡ್ಡವರಿಗೇ ಮೀಸಲಾಗಿತ್ತು. ದೊನಿಜೆಟ್ಟಿಯ ‘ಮರಿಯಾ ಸ್ತುವಾರ್ದಾ’ದಲ್ಲಿ ವಧಸ್ಥಾನಕ್ಕೆ ನಡೆಯುವವಳು ಸ್ಕಾಟ್ಲೆಂಡಿನ ರಾಣಿ. ಶತಮಾನದ ಕೊನೆಗೆ ಈ ರೀತಿ ಬದಲಾಯಿತು. ರೋಮಿನಲ್ಲಿ 1890ರಲ್ಲಿ ಪ್ರದರ್ಶಿತವಾದ ಮಸ್ಕಾನ್ಯಿಯ ‘ಕವಲ್ಲೆರಿಯಾ ರುಸ್ತಿಕಾನಾ’ದಲ್ಲಿ ಸಿಸಿಲಿಯ ಗಾಡಿಯವನೊಬ್ಬನು ತನ್ನ ಹೆಂಡತಿಯ ಪ್ರಿಯನನ್ನು ಕೊಲ್ಲುತ್ತಾನೆ. ಅಷ್ಟು ಪ್ರಸಿದ್ಧವಲ್ಲದ, ಜೋರ್ದಾನೋ ರಚಿಸಿದ 1892ರ ‘ಮಾಲಾ ವೀತಾ’ದಲ್ಲಿ ನೇಪಲ್ಸಿನ ಕ್ಷಯರೋಗಿಯಾದ ಬಣ್ಣಗಾರನು, ಗುಣವಾದರೆ ಪತಿತೆಯೊಬ್ಬಳ ಕೈಹಿಡಿಯುವೆನೆಂದು ಹರಕೆ ಹೊರುತ್ತಾನೆ, ಬಳಿಕ ಮಾತಿಗೆ ತಪ್ಪುತ್ತಾನೆ. ಆಕೆಗೆ ಹಳೆಯ ಬಾಳೇ ಗತಿಯಾಗುತ್ತದೆ.

ಕನ್ನಡನಾಡಿನ ಆಟಗಳಲ್ಲಿಯೂ ಇಂತಹುದೇ ಎರಡು ದಾರಿಗಳುಂಟು. ಹಿರೇಕೆರೂರು, ಹಾನಗಲ್ಲ ಸೀಮೆಯ ದೊಡ್ಡಾಟವನ್ನು ಕಂಡವರು ಕಿರೀಟ, ಭುಜಕೀರ್ತಿಗಳ ಪುರಾಣವೀರರನ್ನು ಬಲ್ಲರು. ಅದರ ಉತ್ತರಕ್ಕೆ, ಬೆಳಗಾವಿ ಧಾರವಾಡಗಳ ಕಡೆ ಬೆಳೆದ ಸಣ್ಣಾಟದಲ್ಲಿ ರಂಗಕ್ಕೆ ಬರುವವರು ಊರ ಉಡುಪಿನ ಊರ ಜನರೇ. ಬೈಲಹೊಂಗಲದ ಕಡೆ ನಡೆದುದೆಂದು ಜನರು ಹೇಳುವ ಕೊಲೆಯೊಂದೇ ‘ಸಂಗ್ಯಾ ಬಾಳ್ಯಾ’ದ ವಸ್ತು. ಈರ್ಯಾ ವ್ಯಾಪಾರಕ್ಕೆ ಹೋಗಿರಲು, ಅವನ ಗೆಳೆಯನಾದ ಸಂಗ್ಯಾ ಅವನ ಹೆಂಡತಿ ಗಂಗಿಯಲ್ಲಿ ಮನಸ್ಸಿಡುತ್ತಾನೆ. ಸಂಗತಿ ಬಯಲಾಗುತ್ತದೆ. ಸಂಗ್ಯಾನ ನೆಚ್ಚಿನ ಬಾಳ್ಯಾನೇ ಅವನಿಗೆ ಎರಡು ಬಗೆಯುತ್ತಾನೆ. ಈರ್ಯಾ ಮತ್ತು ಅವನ ತಮ್ಮಂದಿರ ಕೈಯಲ್ಲಿ ಸಂಗ್ಯಾ ಹತನಾಗುತ್ತಾನೆ.

ಇಲ್ಲಿ ನಿರ್ದೋಷಿಗಳು ವಿರಳ. ಸ್ನೇಹಕ್ಕೆ ದ್ರೋಹ ಬಗೆದವನು ಸ್ನೇಹದ್ರೋಹದಿಂದಲೇ ಸಾಯುತ್ತಾನೆ. ಆದರೂ ನೋಡುವವರ ಕಣ್ಣು ಒದ್ದೆಯಾಗುವುದೇಕೆ? ನಮಗೆ ತೋರುವಂತೆ, ಅದರ ಗುಟ್ಟು ಹಿಮ್ಮೇಳದಲ್ಲಿದೆ. ಪಾತ್ರಧಾರಿ ಹಾಡಿದ ಸಾಲಿನ ಕೊನೆಯನ್ನು ಹಿಮ್ಮೇಳದವರು ಎತ್ತಿಕೊಂಡು ಮತ್ತೆ ಹಾಡುತ್ತಾರೆ. ತಪ್ಪಿತಸ್ಥನ ಆಸೆ, ವಂಚಿತನಾದ ಗಂಡನ ಉರಿ, ಎರಡೂ ಹೀಗೆ ಊರಿನ ಕೊರಳಿನಿಂದಲೇ ಹೊರಡುತ್ತವೆ. ನ್ಯಾಯಸ್ಥಾನವು ದೋಷವನ್ನು ಒಬ್ಬನ ಮೇಲೆ ಹೊರಿಸಿ ಮುಗಿಸೀತು. ಹಾಡು ಅದನ್ನು ಎಲ್ಲರಿಗೂ ಹಂಚುತ್ತದೆ.

ಚಂದ್ರಶೇಖರ ಕಂಬಾರರು ಈ ಆಟವನ್ನು ಸಂಪಾದಿಸಿ ಅಚ್ಚಿಗೆ ತಂದುದರಿಂದ ಪಟ್ಟಣದ ಓದುಗರಿಗೂ ಇದು ದೊರೆಯಿತು. ಸಿಸಿಲಿಯ ಗಾಡಿಯವನ ಮತ್ಸರವನ್ನು ಉನ್ನತ ಕಲೆಯೆಂದು ಕೊಂಡಾಡುವ ವಿದ್ಯಾವಂತರಾದ ನಾವು, ಈರ್ಯಾನ ಮತ್ಸರವನ್ನು ಗ್ರಾಮ್ಯವೆಂದು ತಳ್ಳಿಬಿಡುವುದು ಯಾವ ರಸಿಕತೆ? ಎರಡಕ್ಕೂ ಒಂದೇ ಕಿವಿಯನ್ನು ಕೊಡುವುದು ನ್ಯಾಯ.