ಗಣಕದೊಳಗಿನ ಗಣಕಕ್ಕೇಕೆ ಇಷ್ಟು ವಿಳಂಬ?

ಒಂದೇ ದೊಡ್ಡ ಗಣಕದೊಳಗೆ, ತಾವೇ ಸ್ವತಂತ್ರವೆಂಬಂತೆ ವರ್ತಿಸುವ ಹಲವು ವರ್ಚುಯಲ್ ಯಂತ್ರಗಳನ್ನು ನಿರ್ಮಿಸಬಹುದು. ಹೊಸದೊಂದರ ನಿರ್ಮಾಣವೆಂದರೆ, ಬಹುಮಟ್ಟಿಗೆ, ಅದರ ಮಾದರಿಯನ್ನು ಆ ಗಣಕದ ಡಿಸ್ಕಿನ ಮೇಲೆ ನಕಲು ಮಾಡುವುದು. ಸೆಕೆಂಡಿಗೆ 100 ಮೆಗಾಬೈಟಿನಂತೆ ಬರೆದರೆ 20 ಗಿಗಾಬೈಟಿನ ಮಾದರಿ 200 ಸೆಕೆಂಡುಗಳಲ್ಲಿ ಸಿದ್ಧವಾಗಬೇಕು. ಆದರೆ ಕೆಲವೊಮ್ಮೆ ಗಂಟೆ ಕಳೆದರೂ ಮುಗಿಯದು. ಪ್ರೊಸೆಸರೋ ಕೈಕಟ್ಟಿ ಕುಳಿತಿರುತ್ತದೆ!

ವಿಳಂಬದ ಮೂಲ ಡಿಸ್ಕಿನ ಚಲನೆಯಲ್ಲಿದೆ. ನಿಮಿಷಕ್ಕೆ 7200 ಬಾರಿ ತಿರುಗುವ ತಟ್ಟೆಗೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡು ಬೇಕು. ಬಯಸಿದ ತಾಣವು ಓದುವ ಮೊನೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಮೊನೆಯು ಆ ಪಥಕ್ಕೆ ಸರಿಯಲು ಇನ್ನೂ ಎಂಟೊಂಬತ್ತು ಮಿಲಿಸೆಕೆಂಡು. ಹತ್ತಾರು ಯಂತ್ರಗಳು ಮೊನೆಯನ್ನು ಹತ್ತು ಕಡೆಗೆ ಎಳೆಯತೊಡಗಿದರೆ ಸೆಕೆಂಡಿಗೆ ಸುಮಾರು 80 ಬೇಡಿಕೆಗಳಷ್ಟೇ ಪೂರೈಸುತ್ತವೆ. ಪ್ರತಿಯೊಂದೂ 4 ಕಿಲೋಬೈಟಿನದಾದರೆ, ಒಟ್ಟು ಕೇವಲ 320 ಕಿಲೋಬೈಟು! ಇಂಥಲ್ಲಿ ಹೊಸ ಪ್ರೊಸೆಸರನ್ನು ಕೊಳ್ಳುವುದು ದುಂದು. ಚಲಿಸುವ ಭಾಗಗಳಿಲ್ಲದ ಎಸ್‌ಎಸ್‌ಡಿಯೇ ತಕ್ಕ ಪರಿಹಾರ.

ಲಿನಕ್ಸಿನ ‘ಐಓಸ್ಟ್ಯಾಟ್’ ಎಂಬ ಸಾಧನವು ಪ್ರತಿ ಡಿಸ್ಕಿನ ಕಾಯುವಿಕೆಯನ್ನೂ ಬೇರೆಬೇರೆಯಾಗಿ ತೋರಿಸುತ್ತದೆ. ಒಂದೇ ದತ್ತವನ್ನು ಬರೆದುಕೊಳ್ಳುವ ಜೋಡಿ ಡಿಸ್ಕುಗಳಲ್ಲಿ ಒಂದು ಮಾತ್ರ ಬಹಳ ತಡಮಾಡುತ್ತಿದ್ದರೆ, ಅದು ಕೆಡುತ್ತಿರುವುದೆಂದು ಶಂಕಿಸಬೇಕು. ನಿಧಾನದ್ದು ಬರೆದು ಮುಗಿಸುವವರೆಗೆ ವೇಗದ್ದೂ ಕಾಯಲೇಬೇಕು. ಆಗ ಅಪಾಯ ಬರಿಯ ವಿಳಂಬದ್ದಲ್ಲ. ಉಳಿದೊಂದು ಡಿಸ್ಕೂ ಕೆಟ್ಟರೆ ಎಲ್ಲ ಯಂತ್ರಗಳ ದತ್ತವೂ ಅಳಿಯುತ್ತದೆ. ಹೊಸ ಯಂತ್ರದ ಮಾತು ಹಾಗಿರಲಿ, ಮೊದಲು ಇರುವ ದತ್ತವನ್ನು ಬೇರೆಡೆಗೆ ನಕಲಿಸಿ, ಅನಂತರ ಡಿಸ್ಕನ್ನು ಬದಲಿಸತಕ್ಕದ್ದು.