ನಿಮಗಿದು ಗೊತ್ತೆ? ಪತಂಗದ ಫೋಟೊಗೆ ಗಿಡದ ಸಾಕ್ಷಿ

ದೀಪಕ್ಕೆ ಬಂದು ಗೋಡೆಯ ಮೇಲೆ ಕೂತ ಪತಂಗದ ಹೆಸರು ತಿಳಿಯಬೇಕೆ? ಮೇಲಿನಿಂದೊಂದು, ಪಕ್ಕದಿಂದೊಂದು ಫೋಟೊ ತೆಗೆಯಿರಿ. ರೆಕ್ಕೆ ಚಾಚಿದೆಯೋ ಮಡಿಚಿದೆಯೋ, ಮೀಸೆ ದಾರದಂತಿದೆಯೋ ಗರಿಯಂತಿದೆಯೋ ಎಂಬುದರಲ್ಲೇ ಬಲ್ಲವರಿಗೆ ಅದರ ಕುಟುಂಬದ ಸುಳಿವು ಸಿಗುತ್ತದೆ.

ಮರಿಹುಳುವಾದರೆ ಅದು ತಿನ್ನುತ್ತಿರುವ ಗಿಡದ ಚಿತ್ರವೂ ಬೇಕು. ಕಣಗಲೆ ಅಥವಾ ನಂದಿಬಟ್ಟಲಿನ ಎಲೆ ಮೇಯುವ ದಪ್ಪ ಹಸಿರು ಹುಳು, ತಲೆಯ ಹಿಂದೆ ಕಣ್ಣಿನಂಥ ಎರಡು ನೀಲಿ ಬೊಟ್ಟು ಕಂಡರೆ ಅದು ಬಹುಮಟ್ಟಿಗೆ ಓಲಿಯಾಂಡರ್ ಹಾಕ್ ಪತಂಗದ ಮರಿ. ದನಕ್ಕೆ ವಿಷವಾಗುವ ಕಣಗಲೆ ಇದಕ್ಕೆ ಮೃಷ್ಟಾನ್ನ!

ಗಿಡ ಗುರುತಿಸಲು ಹೂವಿನ ಕ್ಲೋಸಪ್ ಒಂದೇ ಸಾಲದು (ಎಲ್ಲರೂ ಕಳಿಸುವುದು ಅದನ್ನೇ). ಎಲೆಗಳು ಎದುರುಬದುರಾಗಿವೆಯೋ ಒಂದು ಬಿಟ್ಟೊಂದೋ ಎಂಬುದು ತಿಳಿಯಬೇಕು. ಎಲೆಯ ಅಡಿಭಾಗ, ಕಾಯಿ, ತೊಗಟೆಯೂ ಕಾಣಬೇಕು.

ಇಂಥ ಚಿತ್ರಗಳಿಗೆ ಜಗತ್ತಿನ ಜನ ಹೆಸರು ಸೂಚಿಸುವ ‘ಐನ್ಯಾಚುರಲಿಸ್ಟ್’ ಜಾಲತಾಣ ಹುಟ್ಟಿದ್ದು 2008ರಲ್ಲಿ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿನ ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿ. ಅಲ್ಲಿ ಒಬ್ಬರ ಮಾತೇ ಅಂತಿಮವಲ್ಲ. ಹೆಸರು ಸೂಚಿಸಿದವರಲ್ಲಿ ಮೂರನೇ ಎರಡಕ್ಕಿಂತ ಹೆಚ್ಚು ಮಂದಿ ಒಪ್ಪಬೇಕು.

ಇಷ್ಟಾದರೂ ಕೆಲವು ಪತಂಗಗಳು ಫೋಟೊಗೆ ಬಗ್ಗುವುದಿಲ್ಲ. ಜನನಾಂಗವನ್ನು ಸೂಕ್ಷ್ಮದರ್ಶಕದಡಿ ನೋಡಿದರಷ್ಟೇ ಅವುಗಳ ಪ್ರಭೇದ ಖಚಿತ.