ಹಕ್ಕಿಗಳಿಗಾಗಿ ಹಿತ್ತಲಿನಲ್ಲಿ ನೆಡತಕ್ಕ ನಾಡಗಿಡಗಳು

ಸುರಪುರ ತಾಲ್ಲೂಕಿನ ಬೋನಾಳದ ಕೆರೆಯು ಪಕ್ಷಿಧಾಮವೆಂದು ಪ್ರಸಿದ್ಧಿಯನ್ನು ಪಡೆದಿರುವುದು. ಚಳಿಗಾಲದಲ್ಲಿ ಉತ್ತರದ ಶೀತದೇಶಗಳಿಂದ ಬಂದಿಳಿಯುವ ನೀರುಹಕ್ಕಿಗಳನ್ನು ನೋಡಲು ಜನರು ಅಲ್ಲಿಗೆ ಹೋಗುವುದುಂಟು. ಆದರೆ ಆ ಹಕ್ಕಿಗಳು ಯಾರ ಹಿತ್ತಲಿಗೂ ಬರತಕ್ಕವುಗಳಲ್ಲ. ಮನೆಯ ಸುತ್ತ ಸುಳಿದಾಡಿ ಹುಳುಗಳನ್ನು ಹೆಕ್ಕಿ ಮರಿಗಳನ್ನು ಸಾಕುವ ಪಿಕಳಾರ, ಸೂರಕ್ಕಿ, ಸಿಂಪಿಗ ಹಕ್ಕಿ, ಗೊರವಂಕಗಳ ಸಂಸಾರವೇ ಬೇರೆ. ಇವುಗಳಲ್ಲಿ ಹೆಚ್ಚಿನವಕ್ಕೆ ಕೆರೆಗಿಂತಲೂ ಪೊದೆಯು ಮುಖ್ಯವಾದುದು.

ಹಿಂದೆ ಇಂತಹ ಪೊದೆಗಳು ಹೊಲದ ಬದುಗಳಲ್ಲಿ ತಾವಾಗಿಯೇ ಬೆಳೆದಿರುತ್ತಿದ್ದುವು. ನಾರಾಯಣಪುರದ ಅಣೆಕಟ್ಟು 1982ರಲ್ಲಿ ಮುಗಿದು, ಕಾಲುವೆಯ ನೀರು ಶಹಾಪುರ, ಸುರಪುರಗಳ ಸೀಮೆಗೆ ಹರಿದ ಬಳಿಕ ಜೋಳ ಬೆಳೆಯುತ್ತಿದ್ದ ಎಷ್ಟೋ ನೆಲವು ಬತ್ತದ ಗದ್ದೆಯಾಯಿತು. ನೆಲವನ್ನು ಮಟ್ಟಮಾಡುವಾಗ ಅನೇಕ ಕಡೆ ಬದುವಿನ ಬೇಲಿಯೂ ಹೋಯಿತು. ನೀರು ಬಂದುದು ಭಾಗ್ಯವೇ ಸರಿ. ಬೇಲಿ ಹೋದುದನ್ನು ಮಾತ್ರ ಯಾರೂ ನಷ್ಟದ ಬಾಬಿನಲ್ಲಿ ಬರೆದುಕೊಳ್ಳಲಿಲ್ಲ. ಬೀಳುಬಿದ್ದ ಜಾಗಗಳನ್ನು ಅಮೆರಿಕ ಖಂಡದಿಂದ ಬಂದ ಬಳ್ಳಾರಿ ಜಾಲಿಯು ಆಕ್ರಮಿಸಿತು.

ತೊಗರಿ, ಕಡಲೆಗಳ ಕಾಯಿಕೊರಕ ಹುಳುವನ್ನು ಹಕ್ಕಿಗಳು ತಿನ್ನಲೆಂದು ಹೊಲದಲ್ಲಿ ಕವಲುಗೋಲುಗಳನ್ನು ನೆಡುವ, ಕಡಲೆಯೊಡನೆ ತುಸು ಜೋಳವನ್ನು ಬೆರೆಸಿ ಬಿತ್ತುವ ಪದ್ಧತಿಯನ್ನು ರೈತರು ಬಲ್ಲರು. ಹಗಲು ಗೋಲಿನ ಮೇಲೆ ಕುಳಿತ ಹಕ್ಕಿಯು ಗೂಡನ್ನು ಎಲ್ಲಿ ಕಟ್ಟಬೇಕು? ಹಕ್ಕಿಗಳನ್ನು ಕರೆದರೆ ಜೋಳದ ತೆನೆಗೆ ಗತಿಯೇನೆಂದು ಕೇಳುವವರೂ ಇರುವರು. ಈ ಶಂಕೆಯು ನಿರಾಧಾರವಲ್ಲ. ಗಿಳಿಗಳೂ ಚಳಿಗಾಲದ ಗುಲಾಬಿ ಕಬ್ಬಕ್ಕಿಗಳೂ ತೆನೆಯನ್ನು ಹಾಳುಮಾಡುವುವು. ಆದರೆ ಸೂರಕ್ಕಿ, ಸಿಂಪಿಗಗಳು ಜೋಳವನ್ನು ಮುಟ್ಟುವುದಿಲ್ಲ. ಹೂವಿನ ರಸವನ್ನು ಹೀರುವ ಸೂರಕ್ಕಿಯೂ ತನ್ನ ಮರಿಗೆ ಉಣಿಸುವುದು ಹುಳುಹುಪ್ಪಟೆಗಳನ್ನೇ.

ಗಿಡಗಳಲ್ಲಿ ಮೊದಲು ನೆನೆಯತಕ್ಕುದು ತಂಗಡಿ. ಚರ್ಮವನ್ನು ಹದಮಾಡಲು ಇದರ ತೊಗಟೆಯು ಬಹುಕಾಲದಿಂದ ಉಪಯೋಗವಾಗಿದೆ. ಕಲ್ಲುನೆಲವೂ ಇದಕ್ಕೆ ಸಾಕು. ಆಡುಗಳು ಇದನ್ನು ಸಾಮಾನ್ಯವಾಗಿ ಮೇಯುವುದಿಲ್ಲ. ಈ ಹೊಂಬಣ್ಣದ ಹೂವಿನಲ್ಲಿ ರಸವಿಲ್ಲದಿದ್ದರೂ ಎಲೆಯ ಮೇಲೆ ಬಿಳಿಚಿಟ್ಟೆಗಳ ಮರಿಹುಳುಗಳು ಬೆಳೆಯುವುವು. ಎಲೆಯಲ್ಲಿ ತೂತು ಕಂಡೊಡನೆ ಔಷಧದ ಡಬ್ಬಿಯನ್ನು ಹುಡುಕುವವರು ಈ ಗಿಡವನ್ನು ನೆಡದಿರುವುದೇ ಲೇಸು, ಏಕೆಂದರೆ ಆ ಹುಳುಗಳೇ ಹಕ್ಕಿಯ ಊಟ.

ಹಣ್ಣಿಗೆ ಕವಳಿಯು ಶ್ರೇಷ್ಠವಾದುದು. ಬೇಸಗೆಯ ಕೊನೆಯಿಂದ ಮುಂಗಾರಿನವರೆಗೆ ಕಪ್ಪಾಗುವ ಹಣ್ಣುಗಳಿಗೆ ಪಿಕಳಾರವೂ ಗೊರವಂಕವೂ ಬರುವುವು. ಮುಳ್ಳಿನ ದಟ್ಟಣೆಯಲ್ಲಿ ಬೆಕ್ಕಿಗೆ ಗೂಡು ಸುಲಭವಾಗಿ ಸಿಕ್ಕುವುದಿಲ್ಲ. ಚಳಿಗಾಲದ ಹಣ್ಣಿಗೆ ಬಾರಿಗಿಡವೂ, ಬಿಳಿಯ ಹೂವಿಗೆ ಆಡುಸೋಗೆಯೂ ಇರಲಿ. ಆಡುಸೋಗೆಯನ್ನು ದನಕರುಗಳು ಮೂಸಿನೋಡಿ ಬಿಟ್ಟುಬಿಡುವುದರಿಂದ ಬೇಲಿಯ ಹೊರಮಗ್ಗುಲಿಗೆ ಇದು ಯೋಗ್ಯವು. ಲಂಟಾನದ ಹಣ್ಣನ್ನು ಹಕ್ಕಿಗಳು ತಿನ್ನುವುದು ದಿಟವಾದರೂ ಅದನ್ನು ನೆಡಬಾರದು. ಅವೇ ಅದರ ಬೀಜವನ್ನು ಊರೆಲ್ಲ ಹರಡುವುವು.

ಒಂದೂವರೆ ಅಡಿಯ ಗುಣಿಗಳನ್ನು ನಾಲ್ಕು ಅಡಿಗೊಂದರಂತೆ ಬೇಸಗೆಯಲ್ಲಿಯೇ ತೋಡಿ, ಮುಂಗಾರು ಹಿಡಿದೊಡನೆ ಕೊಟ್ಟಿಗೆಗೊಬ್ಬರವನ್ನು ಬೆರೆಸಿ ನೆಡತಕ್ಕದ್ದು. ಯಾದಗಿರಿಯ ಕಡೆಯ ಎರೆಭೂಮಿಯಲ್ಲಿ ಮಳೆನೀರು ನಿಲ್ಲುವ ಸ್ಥಳವಾದರೆ ಮಣ್ಣನ್ನು ಏರಿಸಿ ದಿಬ್ಬದ ಮೇಲೆ ನೆಡಬೇಕು. ನಿಂತ ನೀರನ್ನು ಕವಳಿಯು ಸಹಿಸದು. ಕವಳಿಯ ಬೀಜವು ಬೇಗನೆ ಸತ್ತ್ವವನ್ನು ಕಳೆದುಕೊಳ್ಳುವುದರಿಂದ ಹಣ್ಣಿನಿಂದ ತೆಗೆದ ಕೂಡಲೆ ಬಿತ್ತತಕ್ಕದ್ದು. ತಂಗಡಿಯ ಗಟ್ಟಿಬೀಜವನ್ನು ಬಿಸಿನೀರಿನಲ್ಲಿ ನೆನೆಯಿಡಬೇಕು. ಆಡುಸೋಗೆಗೆ ಕಡ್ಡಿಯೇ ಸಾಕು. ಮೊದಲಿನ ಎರಡು ಬೇಸಗೆಗಳಲ್ಲಿ ನೀರುಣಿಸಿದರೆ ಗಿಡಗಳು ಉಳಿಯುವುವು. ಗೂಡುಗಳಿರುವ ತಿಂಗಳುಗಳಲ್ಲಿ ಕತ್ತರಿಯನ್ನು ಹಾಕಬಾರದು.

ಬೇಸಗೆಯಲ್ಲಿ ಎರಡಂಗುಲ ನೀರಿರುವ ಮಣ್ಣಿನ ತಟ್ಟೆಯೊಂದನ್ನು ನೆರಳಿನಲ್ಲಿಡಬಹುದು. ಅದು ಪೊದೆಗೆ ತೀರ ಅಂಟಿಕೊಂಡಿರದೆ ನಾಲ್ಕಾರು ಅಡಿ ದೂರದಲ್ಲಿರಲಿ. ಮರೆಯಲ್ಲಿ ಹೊಂಚುಹಾಕಿದ ಬೆಕ್ಕು ನೆಗೆಯುವಷ್ಟರಲ್ಲಿ ಹಕ್ಕಿಗೆ ಹಾರಲು ಸಮಯ ದೊರೆಯುವುದು.